ಮಾಸ್ಕಿನ ಮೇಲಿನ 95, ಮೂಗಿನ ಪಕ್ಕದ ಸಂದು

ದೆಹಲಿಯ ಕನ್ನಡಿಗರಿಗೆ ನವೆಂಬರ್ ಬಂತೆಂದರೆ ಎರಡು ನೆನಪಾಗುತ್ತವೆ: ಒಂದು ರಾಜ್ಯೋತ್ಸವ, ಇನ್ನೊಂದು ಹೊಗೆ. ನನ್ನ ಎಂಟು ವರ್ಷದ ಮಗಳಿಗೆ ಉಬ್ಬಸವಿದೆ. ಅವಳ ಸ್ಕೂಲ್ ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಜೊತೆಗೆ ಇನ್ಹೇಲರ್ ಕೂಡ ಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ಆನ್‌ಲೈನ್‌ನಲ್ಲಿ 'ಮಕ್ಕಳ ಎನ್-95' ಎಂದು ಬರೆದಿದ್ದ ಮಾಸ್ಕ್ ತರಿಸಿದೆ. ಗುಲಾಬಿ ಬಣ್ಣ, ಮೇಲೆ ಕುದುರೆಯ ಚಿತ್ರ, ಕಿವಿಗೆ ಹಾಕುವ ಎಲಾಸ್ಟಿಕ್. ಅವಳಿಗೂ ಇಷ್ಟವಾಯಿತು. ಕೊಳೆಯಾದಾಗ ನಾನೇ ಸೋಪು ಹಾಕಿ ಒಗೆದು ಬಾಲ್ಕನಿಯಲ್ಲಿ ಒಣಗಿಸಿದೆ. ಒಂದು ಶನಿವಾರ ರಾತ್ರಿ ಉಬ್ಬಸ ಜೋರಾಗಿ ಆಸ್ಪತ್ರೆಗೆ ಓಡಿದೆವು. ನೆಬ್ಯುಲೈಸರ್ ತೆಗೆದ ಮೇಲೆ ಅವಳು ಕೇಳಿದ್ದು ಒಂದೇ: "ಅಪ್ಪಾ, ನಾನು ದಿನಾ ಮಾಸ್ಕ್ ಹಾಕ್ಕೊಂಡಿದ್ನಲ್ಲಾ?"

ಆ ರಾತ್ರಿಗೆ ಮಾಸ್ಕೇ ಕಾರಣ ಎಂದು ನಾನು ಹೇಳಲಾರೆ. ಆದರೆ ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡುವವನು. ಯಾರಾದರೂ 'ಪಾಸ್' ಎಂದರೆ ಯಾವ ಟೆಸ್ಟ್, ಯಾರು ಮಾಡಿದ್ದು ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಮಗಳ ಮಾಸ್ಕಿನ ವಿಷಯದಲ್ಲಿ ಮಾತ್ರ ಕೇಳಿರಲಿಲ್ಲ. ಆಮೇಲೆ ಕೂತು ಓದಿದೆ.

ಎನ್-95 ಎಂಬುದು ಅಮೆರಿಕದ ನಯೋಷ್ ಸಂಸ್ಥೆ ಕೊಡುವ ದರ್ಜೆ. 'ಎನ್' ಎಂದರೆ ಎಣ್ಣೆಯ ಹನಿಗಳಿಗೆ ತಾಳುವಂಥದ್ದಲ್ಲ ಎಂದು. ನಿಮಿಷಕ್ಕೆ 85 ಲೀಟರ್ ಗಾಳಿಯಲ್ಲಿ ಉಪ್ಪಿನ ಅತಿ ಸೂಕ್ಷ್ಮ ಕಣಗಳನ್ನು ಹಾಯಿಸಿದಾಗ ಕನಿಷ್ಠ 95% ಕಣಗಳು ಫಿಲ್ಟರಿನಲ್ಲೇ ನಿಲ್ಲಬೇಕು. ಮಾಸ್ಕ್ ಎಂದರೆ ಜರಡಿ ಎಂದುಕೊಂಡಿದ್ದೆ, ಅದು ತಪ್ಪು. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾರದೆ ಎಳೆಗೆ ಬಡಿಯುತ್ತದೆ. ತೀರಾ ಸಣ್ಣದು ಅತ್ತಿತ್ತ ಅಲೆದಾಡಿ ಎಳೆಗೆ ಅಂಟಿಕೊಳ್ಳುತ್ತದೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನಿನ ಕಣವೇ ಹೆಚ್ಚು ನುಣುಚಿಕೊಳ್ಳುವುದು. ಅಂಥ ಕಠಿಣ ಕಣಗಳಿಂದಲೇ ಪರೀಕ್ಷೆ ನಡೆಸುತ್ತಾರೆ.

ಈ ಕಣಗಳನ್ನು ಹಿಡಿಯುವುದರಲ್ಲಿ ವಿದ್ಯುತ್ತಿನ ಪಾಲೂ ಇದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುತ್ತದಲ್ಲ, ಹಾಗೆಯೇ ಪಾಲಿಪ್ರೊಪಿಲೀನ್ ಎಳೆಗಳಿಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ. ಸೋಪು, ಆಲ್ಕೋಹಾಲ್ ತಾಗಿದರೆ ಆ ಶಕ್ತಿ ಕುಂದುತ್ತದೆ. ನಾನು ಒಗೆದು ಒಣಹಾಕಿದ್ದು ನೆನಪಾಗಿ ಪೆಚ್ಚಾದೆ.

ನಮ್ಮ ದೇಶದಲ್ಲಿ ನೋಡಬೇಕಾದದ್ದು ಐಎಸ್ 9473. ಅದರ ಎಫ್ಎಫ್‌ಪಿ2 ದರ್ಜೆಯಲ್ಲಿ ಫಿಲ್ಟರ್ ಕನಿಷ್ಠ 94% ತಡೆಯಬೇಕು. ಐಎಸ್‌ಐ ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ನಮ್ಮ ಡಬ್ಬಿಯ ಮೇಲೆ ಅಂಥ ಸಂಖ್ಯೆಯೇ ಇರಲಿಲ್ಲ. ಇನ್ನೊಂದು ಮಾತು: ನಯೋಷ್ ಮಾನ್ಯತೆ ಕೊಡುವುದು ಕೆಲಸದ ಜಾಗದಲ್ಲಿ ಬಳಸುವ ಮಾಸ್ಕುಗಳಿಗೆ. ಮಕ್ಕಳಿಗೆಂದು ಅದು ಯಾವುದಕ್ಕೂ ಮಾನ್ಯತೆ ಕೊಡುವುದಿಲ್ಲ. ಅಂದರೆ 'ನಯೋಷ್ ಮಾನ್ಯತೆಯ ಮಕ್ಕಳ ಎನ್-95' ಎಂಬ ಜಾಹೀರಾತೇ ಸುಳ್ಳು.

ಸರ್ಜಿಕಲ್ ಮಾಸ್ಕಿನ ಡಬ್ಬಿಯ ಮೇಲೆ ಕಾಣುವ 'ಬ್ಯಾಕ್ಟೀರಿಯಾ ತಡೆ 99%' ನೋಡಿಯೂ ಮೋಸಹೋಗಬೇಡಿ. ಆ ಪರೀಕ್ಷೆಯ ಹನಿಗಳು ಸರಾಸರಿ 3 ಮೈಕ್ರಾನ್ ಗಾತ್ರದವು. 95ಕ್ಕಿಂತ 99 ದೊಡ್ಡದಾದರೂ ಎರಡೂ ಬೇರೆ ಬೇರೆ ಪ್ರಶ್ನೆಪತ್ರಿಕೆಯ ಅಂಕಗಳು.

ಎಲ್ಲಕ್ಕಿಂತ ಮುಖ್ಯ, ಮಾಸ್ಕು ಮುಖಕ್ಕೆ ಕೂರುವ ಬಗೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಫಿಲ್ಟರ್ ಯೂನಿಟ್ ಟೆಸ್ಟ್ ಪಾಸಾದರೂ ಮುಖದ ಮೇಲೆ ಇಂಟಿಗ್ರೇಷನ್ ಟೆಸ್ಟ್ ಫೇಲಾಗಬಹುದು. ಗಾಳಿ ಸುಲಭದ ದಾರಿ ಹುಡುಕುತ್ತದೆ, ಮೂಗಿನ ಪಕ್ಕ ಸಂದಿದ್ದರೆ ಅಲ್ಲಿಂದಲೇ ನುಗ್ಗುತ್ತದೆ. ಇದನ್ನು ಪತ್ತೆಮಾಡಲು ತಲೆಗೊಂದು ಮುಸುಕು ಹಾಕಿ ಒಳಗೆ ಸ್ಯಾಕರಿನ್ ಸಿಂಪಡಿಸುವ ಪರೀಕ್ಷೆಯಿದೆ. ನಾಲಿಗೆಗೆ ಸಿಹಿ ತಿಳಿದರೆ ಮಾಸ್ಕು ಸೋರುತ್ತಿದೆ ಎಂದರ್ಥ. ಮನೆಯಲ್ಲಿ ಇಷ್ಟು ಮಾಡಬಹುದು: ಮಾಸ್ಕ್ ಹಾಕಿ ಜೋರಾಗಿ ಉಸಿರು ಬಿಡಿ, ಅಂಚಿನ ಸುತ್ತ ಅಂಗೈ ಹಿಡಿದು ನೋಡಿ. ಕನ್ನಡಕ ಮಂಜಾದರೂ ಅದೇ ಲಕ್ಷಣ. ಗಡ್ಡವಿದ್ದರೆ ಅಂಚು ಚರ್ಮಕ್ಕೆ ಕೂರುವುದೇ ಇಲ್ಲ.

ಹತ್ತು ವರ್ಷದ ನನ್ನ ಗಡ್ಡ ಹೋಯಿತು. ಊರಿನಿಂದ ವಿಡಿಯೋ ಕಾಲ್ ಮಾಡಿದ ಅಮ್ಮ "ಯಾಕೋ, ತಿರುಪತಿಗೆ ಹೋಗಿದ್ಯಾ?" ಎಂದರು. ಮಗಳಿಗೆ ಡಾಕ್ಟರನ್ನು ಕೇಳಿ, ತಲೆಯ ಹಿಂದಕ್ಕೆ ಪಟ್ಟಿಯಿರುವ ಸಣ್ಣ ಅಳತೆಯ ಎಫ್ಎಫ್‌ಪಿ2 ತಂದಿದ್ದೇವೆ. ಅವಳ ಮುಖಕ್ಕೆ ಅದೂ ಪೂರ್ತಿ ಕೂರುವುದಿಲ್ಲ. ಹಾಗಾಗಿ ಹೊಗೆ ತೀರಾ ಹೆಚ್ಚಿದ ದಿನ ಆಟ ಮನೆಯೊಳಗೇ. ಅದಕ್ಕೆ ದಿನಾ ಜಗಳವೂ ಇದೆ.

ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಈಗ ಒಬ್ಬರ ಮಾಸ್ಕನ್ನು ಇನ್ನೊಬ್ಬರು ನೋಡುತ್ತೇವೆ. ನಿನ್ನೆ ನನ್ನ ಮೂಗಿನ ಹತ್ತಿರ ಅಂಗೈ ಹಿಡಿದು, "ಅಪ್ಪಾ, ಇಲ್ಲಿ ಗಾಳಿ ಬರ್ತಿದೆ, ಫೇಲ್" ಎಂದಳು. ಕ್ಲಿಪ್ ಒತ್ತಿ ಸರಿಮಾಡಿಕೊಂಡೆ.