ಹಲ್ಲಿಗೂ ಒಂದು ನಂಬರ್ ಇದೆ

ಹಲ್ಲು ನೋವು ಬಂದರೆ ಏನು ಮಾಡ್ತೀರಿ? ಮೊದಲು ಲವಂಗ ಇಟ್ಟುಕೊಳ್ತೀರಿ. ಉಪ್ಪುನೀರು ಮುಕ್ಕಳಿಸ್ತೀರಿ. ಎರಡು ರಾತ್ರಿ ನಿದ್ದೆ ಇಲ್ಲದೆ ಹೋದಾಗ ದವಾಖಾನೆ ನೆನಪಾಗುತ್ತೆ. ಅಲ್ಲವೇ?

ಹಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ಒಬ್ಬರೇ ಇರುವುದಿಲ್ಲ. ಬಾಗಿಲ ಬಳಿ ಹೆಸರು ಬರೆದುಕೊಳ್ಳುವವರು ಇರುತ್ತಾರೆ. ಡಾಕ್ಟರ ಪಕ್ಕದಲ್ಲಿ ನಿಂತು ಸಾಮಾನು ಕೊಡುವವರು, ಅವರು ಹೇಳಿದ್ದನ್ನು ಬರೆಯುವವರು ಇರುತ್ತಾರೆ. ಈ ಪಾಠ ಅವರ ಕೆಲಸದ ಬಗ್ಗೆ. ಅವರು ಬರೆಯುವುದು ನಿಮ್ಮ ಬಾಯಿಯ ವಿಷಯ. ಹಾಗಾಗಿ ಇದು ನಿಮ್ಮ ಪಾಠವೂ ಹೌದು.

ನಮ್ಮ ಕಡೆಯ ಎಷ್ಟೋ ಮಂದಿ ದುಡಿಯಲು ಗೋವಾಕ್ಕೆ ಹೋಗಿದ್ದಾರೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದವರು ವಾಸ್ಕೋ, ಝುವಾರಿನಗರ, ಮಡಗಾಂವದಲ್ಲಿ ಮನೆ ಮಾಡಿದ್ದಾರೆ. 2011ರ ಜನಗಣತಿಯ ಪ್ರಕಾರ ಗೋವಾದ ಪ್ರತಿ 100 ಜನರಲ್ಲಿ ನಾಲ್ಕೈದು ಮಂದಿಯ ಮನೆಮಾತು ಕನ್ನಡ. ಪಣಜಿ ಹತ್ತಿರ ಬಾಂಬೋಳಿ ಅಂತ ಊರಿದೆ. ಅಲ್ಲಿ 1980ರಲ್ಲಿ ಶುರುವಾದ ಸರ್ಕಾರಿ ಹಲ್ಲಿನ ಕಾಲೇಜು ಮತ್ತು ಆಸ್ಪತ್ರೆ ಇದೆ. ಊರೂರಲ್ಲಿ ಖಾಸಗಿ ದವಾಖಾನೆಗಳೂ ಇವೆ. ನಮ್ಮ ಹೆಣ್ಣುಮಕ್ಕಳು ಕೆಲವರು ಇಂಥ ದವಾಖಾನೆಗಳಲ್ಲಿ ಕೆಲಸಕ್ಕೂ ಸೇರುತ್ತಾರೆ.

ಮೊದಲೆಲ್ಲ ಕೇಸ್ ಪೇಪರ್ ಇತ್ತು. ಹಳದಿ ಬಣ್ಣದ ಕಾಗದ. ಅದರಲ್ಲಿ ಡಾಕ್ಟರ್ ಪೆನ್ನಿನಿಂದ ಬರೀತಿದ್ದರು. ಕಾಗದ ಕಳೆದರೆ ಕಥೆ ಮುಗೀತು. ಈಗ ಬಹಳ ಕಡೆ ಕಂಪ್ಯೂಟರ್ ಬಂದಿದೆ. ಕಂಪ್ಯೂಟರಿಗೆ ಕೆಲಸ ಹೇಳಿಕೊಡುವುದಕ್ಕೆ ಸಾಫ್ಟ್‌ವೇರ್ ಅಂತಾರೆ. ಕನ್ನಡದಲ್ಲಿ ತಂತ್ರಾಂಶ. ರೋಗಿಯ ಹೆಸರು, ಕಾಯಿಲೆ, ಯಾವ ಹಲ್ಲಿಗೆ ಏನು ಮಾಡಿದರು, ಯಾವ ಮಾತ್ರೆ ಕೊಟ್ಟರು, ಎಲ್ಲವೂ ಅದರಲ್ಲಿ ಉಳಿಯುತ್ತೆ. ಹೊಸ ತಂತ್ರಾಂಶ ತಂದ ದಿನವೇ ಅದು ಕೆಲಸ ಕೊಡುವುದಿಲ್ಲ. ಅದನ್ನು ಬಳಸುವವರು ಕಲಿಯಬೇಕು. ನೀವು ಅಕ್ಷರ ಕಲಿತಿರಲ್ಲ, ಹಾಗೆಯೇ. ಮೊದಲ ವಾರ ಕೈ ತಡವರಿಸುತ್ತೆ. ಸಾಲು ಉದ್ದ ಆಗುತ್ತೆ. ಕಾಯುವವರು ಬೈತಾರೆ.

ಏನೇನು ಕಲೀಬೇಕು? ಬಟನ್ ಒತ್ತುವುದು ಬೇಗ ಬರುತ್ತೆ. ಎರಡು ವಿಷಯ ಕಷ್ಟ. ಒಂದು, ಹಲ್ಲು ಯಾವುದು ಅಂತ ಸರಿಯಾಗಿ ಬರೆಯುವುದು. ಇನ್ನೊಂದು, ರೋಗಿ ಯಾರು ಅಂತ ಸರಿಯಾಗಿ ಹಿಡಿಯುವುದು.

ಮೊದಲು ಹಲ್ಲು.

ದೊಡ್ಡವರಿಗೆ ಒಟ್ಟು 32 ಹಲ್ಲು. ಡಾಕ್ಟರು ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಮೇಲೆ ಬಲಗಡೆ 1. ಮೇಲೆ ಎಡಗಡೆ 2. ಕೆಳಗೆ ಎಡಗಡೆ 3. ಕೆಳಗೆ ಬಲಗಡೆ 4. ಒಂದೊಂದು ಭಾಗದಲ್ಲಿ 8 ಹಲ್ಲು. ಮುಂದಿನ ನಡುವಿನಿಂದ ಎಣಿಸುತ್ತಾ ಹಿಂದಕ್ಕೆ ಹೋಗಬೇಕು. 1 ಮತ್ತು 2 ಬಾಚಿಹಲ್ಲು. 3 ಕೋರೆಹಲ್ಲು. 4 ಮತ್ತು 5 ಸಣ್ಣ ದವಡೆಹಲ್ಲು. 6, 7, 8 ದೊಡ್ಡ ದವಡೆಹಲ್ಲು. ಕೊನೆಯ 8ನೆಯದನ್ನು ಬುದ್ಧಿಹಲ್ಲು ಅಂತೀವಿ.

ಈಗ ಎರಡೂ ಅಂಕಿ ಕೂಡಿಸಿ ಬರೆಯಿರಿ. ಮೊದಲ ಅಂಕಿ ಭಾಗ. ಎರಡನೆಯ ಅಂಕಿ ಹಲ್ಲು. 36 ಅಂದರೆ ಮೂರನೇ ಭಾಗದ ಆರನೇ ಹಲ್ಲು. ಕೆಳಗೆ, ಎಡಗಡೆ, ದೊಡ್ಡ ದವಡೆಹಲ್ಲುಗಳಲ್ಲಿ ಮೊದಲನೆಯದು. ಇದನ್ನು ಮೂವತ್ತಾರು ಅಂತ ಓದುವುದಿಲ್ಲ. ಮೂರು, ಆರು ಅಂತ ಬಿಡಿಸಿ ಓದುತ್ತಾರೆ. ಮಕ್ಕಳ ಹಾಲುಹಲ್ಲು 20. ಅವಕ್ಕೆ ಭಾಗದ ಅಂಕಿ 5, 6, 7, 8. ಹಾಗಾಗಿ 75 ಅಂತ ಬರೆದಿದ್ದರೆ ಅದು ಮಗುವಿನ ಹಾಲುಹಲ್ಲು. ನಿಮಗೆ 75 ಹಲ್ಲಿವೆ ಅಂತ ಗಾಬರಿ ಬೇಡ.

ಈ ಲೆಕ್ಕ ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಅಮೆರಿಕದಲ್ಲಿ ಬೇರೆ ಲೆಕ್ಕ. ಅವರು ಮೇಲಿನ ಬಲಗಡೆಯ ಬುದ್ಧಿಹಲ್ಲಿನಿಂದ ಶುರು ಮಾಡಿ 1ರಿಂದ 32ರವರೆಗೆ ಒಂದೇ ಸಮನೆ ಎಣಿಸುತ್ತಾರೆ. ಅಲ್ಲಿ ಮಾಡಿದ ತಂತ್ರಾಂಶ ಆ ಲೆಕ್ಕವನ್ನೇ ಹೊತ್ತು ಬರಬಹುದು. ಆಗ ಏನಾಗುತ್ತೆ ನೋಡಿ. ನಮ್ಮ ಲೆಕ್ಕದಲ್ಲಿ 18 ಅಂದರೆ ಮೇಲೆ ಬಲಗಡೆಯ ಬುದ್ಧಿಹಲ್ಲು. ಅಮೆರಿಕದ ಲೆಕ್ಕದಲ್ಲಿ 18 ಅಂದರೆ ಕೆಳಗೆ ಎಡಗಡೆಯ ದವಡೆಹಲ್ಲು. ಅಂಕಿ ಒಂದೇ, ಹಲ್ಲು ಬೇರೆ. ಇಕ್ಕಳ ಹಿಡಿದ ಮೇಲೆ ಈ ತಪ್ಪು ತಿಳಿದರೆ ಏನು ಬಂತು? ಕಿತ್ತ ಹಲ್ಲು ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಹೊಸ ತಂತ್ರಾಂಶ ಬಂದಾಗ ಯಾವ ಲೆಕ್ಕ ಇಟ್ಟಿದ್ದಾರೆ ಅಂತ ಮೊದಲು ನೋಡಬೇಕು. ಇದನ್ನು ಕಲಿಸದ ತರಬೇತಿ ತರಬೇತಿಯೇ ಅಲ್ಲ ಅಂತ ನನಗನ್ನಿಸುತ್ತೆ.

ಇನ್ನೊಂದು ಮೋಸ ಎಡ ಬಲದ್ದು. ಗುಡಿಗೆ ಹೋಗಿ ದೇವಿಯ ಎದುರು ನಿಲ್ಲುತ್ತೀರಿ. ದೇವಿಯ ಬಲಗೈ ನಿಮ್ಮ ಎಡಕ್ಕೆ ಕಾಣುತ್ತೆ. ಕಂಪ್ಯೂಟರಿನ ಪರದೆಯ ಮೇಲೆ ಹಲ್ಲಿನ ಚಿತ್ರ ಇರುವುದೂ ಹಾಗೆಯೇ. ರೋಗಿ ಎದುರು ಕೂತ ಹಾಗೆ. ರೋಗಿಯ ಬಲ ಪರದೆಯ ಎಡಕ್ಕೆ. ಹೊಸಬರು ಇಲ್ಲಿ ಮುಗ್ಗರಿಸುತ್ತಾರೆ. ಬರೆಯುವುದು ಯಾವಾಗಲೂ ರೋಗಿಯ ಎಡ, ರೋಗಿಯ ಬಲ. ಬರೆಯುವವರದ್ದಲ್ಲ.

ಗೋವಾದಲ್ಲಿ ಮಾತಿನ ತೊಡಕೂ ಇದೆ. ಅಲ್ಲಿಯ ಭಾಷೆ ಕೊಂಕಣಿ. ದಾಂತ ಅಂದರೆ ಹಲ್ಲು. ದಾವೊ ಅಂದರೆ ಎಡ. ಉಜ್ವೊ ಅಂದರೆ ಬಲ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಅಲ್ಲಿ ಕನ್ನಡ ಬಲ್ಲ ಹುಡುಗಿ ಇದ್ದರಂತೂ ಪುಣ್ಯ. ಅಂಥ ಕಡೆ ಮಾತು ಹೀಗೆ ನಡೆಯುತ್ತೆ ಅಂದುಕೊಳ್ಳಿ.

"ಯಾವ ಕಡಿ ನೋವೈತ್ರೀ, ಅಕ್ಕಾರ?"

"ಈ ಕಡಿ ನೋಡವ್ವಾ."

"ಎಡಕ್ಕೋ, ಬಲಕ್ಕೋ?"

"ಉಣ್ಣೋ ಕೈ ಕಡಿ."

"ಹಂಗಾರ ಬಲಕ್ಕ. ಮ್ಯಾಲೋ, ಕೆಳಗೋ?"

"ಕೆಳಗ. ಹಿಂದ ಐತಿ."

ಹುಡುಗಿ ಇಷ್ಟು ಬರೆದುಕೊಳ್ಳುತ್ತಾಳೆ. ಹಲ್ಲಿನ ನಂಬರನ್ನು ಅವಳು ಹಾಕುವುದಿಲ್ಲ. ಡಾಕ್ಟರ್ ಬಾಯಿ ನೋಡಿ "ನಾಲ್ಕು, ಆರು" ಅಂತಾರೆ. ಅವಳು ಬರೆದು ತಿರುಗಿ ಗಟ್ಟಿಯಾಗಿ ಓದಬೇಕು. "ನಾಲ್ಕು, ಆರು. ಕೆಳಗ, ಬಲಕ್ಕ." ಡಾಕ್ಟರ್ ಹೌದು ಅಂದ ಮೇಲೆ ಮುಂದಿನ ಮಾತು. ಹೀಗೆ ತಿರುಗಿ ಓದುವುದಕ್ಕೆ ಐದು ಸೆಕೆಂಡು ಸಾಕು. ನೀವು ಕುರ್ಚಿಯಲ್ಲಿ ಕೂತು ಅದನ್ನು ಕೇಳಿಸಿಕೊಳ್ಳಿ. ನೋವಿರುವ ಕಡೆಗೂ ಓದಿದ್ದಕ್ಕೂ ತಾಳೆ ಬೀಳದಿದ್ದರೆ ಕೈ ಎತ್ತಿ. ಬಾಯಲ್ಲಿ ಹತ್ತಿ ಇದ್ದರೂ ಕೈ ಎತ್ತಬಹುದು.

ಒಂದು ಹಲ್ಲು ಮೊದಲೇ ಕಿತ್ತಿದ್ದರೆ? ಅದರ ನಂಬರು ಪಕ್ಕದ ಹಲ್ಲಿಗೆ ಹೋಗುವುದಿಲ್ಲ. ಓಣಿಯಲ್ಲಿ ಒಂದು ಮನೆ ಬಿದ್ದರೆ ಪಕ್ಕದ ಮನೆಯ ನಂಬರು ಬದಲಾಗುತ್ತಾ? ಇಲ್ಲ. ಖಾಲಿ ಜಾಗವನ್ನೂ ಎಣಿಸಬೇಕು. ಇದ್ದ ಹಲ್ಲುಗಳನ್ನಷ್ಟೇ ಎಣಿಸಿದರೆ 7 ಹೋಗಿ 6 ಆಗುತ್ತೆ.

ಇನ್ನು ರೋಗಿ ಯಾರು ಅನ್ನುವ ಮಾತು.

ನಮ್ಮ ಕಡೆ ಯಲ್ಲವ್ವ ಎಷ್ಟು ಮಂದಿ? ಬಸವರಾಜ ಎಷ್ಟು ಮಂದಿ? ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು ತರಹ, ಇನ್ನೊಬ್ಬರು ಇನ್ನೊಂದು ತರಹ ಬರೆಯುತ್ತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಮನುಷ್ಯರು. ಹೋದ ವರ್ಷದ ದಾಖಲೆ ಸಿಗುವುದಿಲ್ಲ. ಹೊಸ ಹೆಸರು ಸೇರಿಸುತ್ತಾರೆ. ಈಗ ಒಬ್ಬರಿಗೇ ಎರಡು ದಾಖಲೆ. ಒಂದರಲ್ಲಿ ಸಕ್ಕರೆ ಕಾಯಿಲೆ ಅಂತ ಬರೆದಿದೆ. ಇನ್ನೊಂದರಲ್ಲಿ ಇಲ್ಲ.

ಹುಟ್ಟಿದ ದಿನ ಕೇಳಬಹುದಲ್ಲ ಅಂತೀರಾ? ನಮ್ಮಲ್ಲಿ ಎಷ್ಟೋ ಜನ ಜೂನ್ 1ಕ್ಕೆ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ತಾರೀಕು ಅದು. ಮೊಬೈಲ್ ನಂಬರು ವರ್ಷಕ್ಕೊಂದು ಬದಲಾಗುತ್ತೆ. ಅದಕ್ಕೇ ಕಲಿಸುವವರು ಹೇಳುತ್ತಾರೆ, ಒಂದೇ ಗುರುತು ನಂಬಬೇಡಿ, ಎರಡು ಮೂರು ಕೇಳಿ. ಪೂರ್ತಿ ಹೆಸರು, ಅಪ್ಪನ ಇಲ್ಲವೆ ಗಂಡನ ಹೆಸರು, ಫೋನು, ಊರು. "ನೀವು ಯಲ್ಲವ್ವ ಅಲ್ಲೇನ್ರೀ?" ಅಂತ ಕೇಳಬಾರದು. ಗದ್ದಲದಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನ್ರೀ?" ಅಂತ ಕೇಳಬೇಕು. ಅವರ ಬಾಯಿಂದಲೇ ಹೆಸರು ಬರಬೇಕು.

ಭಾರತ ಸರ್ಕಾರ 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂತ ಇಡೀ ದೇಶಕ್ಕೆ ಶುರು ಮಾಡಿತು. ಅದರಲ್ಲಿ ಆಭಾ ಅನ್ನುವ 14 ಅಂಕಿಯ ನಂಬರು ಕೊಡುತ್ತಾರೆ. ಆ ನಂಬರು ಇದ್ದರೆ ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ಒಂದೇ ಹೆಸರಿಗೆ ಜೋಡಿಸಬಹುದು. ಗೋವಾದ ದಾಖಲೆ ಊರಿಗೆ ಬಂದಾಗಲೂ ನೋಡಬಹುದು, ಎರಡೂ ಕಡೆಯ ಆಸ್ಪತ್ರೆ ಅದಕ್ಕೆ ಸೇರಿದ್ದರೆ, ನೀವು ಒಪ್ಪಿಗೆ ಕೊಟ್ಟರೆ. ಆಭಾ ಮಾಡಿಸುವುದು ನಿಮ್ಮ ಇಷ್ಟ. ಕಡ್ಡಾಯ ಅಲ್ಲ.

ತರಬೇತಿಯಲ್ಲಿ ಇನ್ನೊಂದು ಮುಖ್ಯ ಮಾತು ಖಾಲಿ ಜಾಗದ್ದು. ತಂತ್ರಾಂಶದಲ್ಲಿ ಒಂದು ಪ್ರಶ್ನೆ ಇರುತ್ತೆ. ಯಾವುದಾದರೂ ಔಷಧಿ ಮೈಗೆ ಆಗುವುದಿಲ್ಲವೇ? ಕೆಲವರಿಗೆ ಪೆನಿಸಿಲಿನ್ ಆಗುವುದಿಲ್ಲ. ಮೈಯೆಲ್ಲ ದದ್ದು ಏಳುತ್ತೆ, ಉಸಿರು ಕಟ್ಟುತ್ತೆ, ಜೀವಕ್ಕೇ ಕುತ್ತು ಬರಬಹುದು. ಹಲ್ಲಿನ ಕೀವಿಗೆ ಕೊಡುವ ಅಮಾಕ್ಸಿಸಿಲಿನ್ ಮಾತ್ರೆಯೂ ಅದೇ ಜಾತಿಯದು. ಹೊಸದಾಗಿ ಕಲಿತವರು ಅವಸರದಲ್ಲಿ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಮುಂದಿನ ಸಲ ನೋಡಿದವರು ಖಾಲಿ ಇದೆ, ಅಂದರೆ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ಖಾಲಿ ಅಂದರೆ "ಇಲ್ಲ" ಅಲ್ಲ. ಖಾಲಿ ಅಂದರೆ "ಕೇಳಿಲ್ಲ". ಕೇಳಿದ ಮೇಲೆ ಇಲ್ಲ ಅಂದರೆ "ಇಲ್ಲ" ಅಂತಲೇ ಬರೆಯಬೇಕು.

ಅವರು ಕೇಳದಿದ್ದರೆ ನೀವೇ ಹೇಳಿ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಇದ್ದರೆ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಹೇಳಲೇಬೇಕು. ಹಲ್ಲು ಕಿತ್ತ ಮೇಲೆ ರಕ್ತ ಬೇಗ ನಿಲ್ಲದೆ ಹೋಗಬಹುದು. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಸುರಿ ಆಗಿದ್ದರೆ ಎಕ್ಸ್‌ರೇ ತೆಗೆಯುವ ಮೊದಲು ಹೇಳಿ. ತಂಬಾಕು, ಗುಟ್ಕಾ ಹಾಕುತ್ತಿದ್ದರೆ ನಾಚಿಕೆ ಬೇಡ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ಚೀಲದಲ್ಲಿ ಇಟ್ಟುಕೊಂಡು ಹೋಗಿ.

ಒಳ್ಳೆಯ ದವಾಖಾನೆ ಹೇಗೆ ಕಲಿಸುತ್ತೆ? ನಿಜವಾದ ರೋಗಿಯ ಮೇಲೆ ಕಲಿಸುವುದಿಲ್ಲ. ಮೊದಲು ಒಬ್ಬ ಹುಸಿ ರೋಗಿಯನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಅವನ ಹಲ್ಲನ್ನು ಹತ್ತು ಸಲ ಕಿತ್ತರೂ ನಷ್ಟ ಇಲ್ಲ! ಬೇಗ ಕಲಿತ ಒಬ್ಬರು ಉಳಿದವರ ಪಕ್ಕ ಕೂತು ಹೇಳಿಕೊಡುತ್ತಾರೆ. ಮೊದಲ ವಾರ ರೋಗಿಗಳನ್ನು ಕಡಿಮೆ ತೆಗೆದುಕೊಳ್ಳುತ್ತಾರೆ. ಕರೆಂಟ್ ಹೋದರೆ ಬರೆಯಲು ಕಾಗದ ಇಟ್ಟಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಪದ, ಅಂದರೆ ಪಾಸ್‌ವರ್ಡ್ ಇರುತ್ತೆ. ಯಾರು ಏನು ಬರೆದರು ಅಂತ ಅದರಿಂದ ತಿಳಿಯುತ್ತೆ. ತಪ್ಪು ಬರೆದರೆ ಅಳಿಸಿ ಮುಚ್ಚುವುದಿಲ್ಲ. ತಾರೀಕು ಹಾಕಿ ಪಕ್ಕದಲ್ಲಿ ತಿದ್ದಿ ಬರೆಯುತ್ತಾರೆ. ಖರ್ಚು ಉಳಿಸಲು ಅರ್ಧ ದಿನದಲ್ಲಿ ಕಲಿಸಿ ಮುಗಿಸುವವರೂ ಇದ್ದಾರೆ. ಆಗ ಪಾಪ, ಬೈಗುಳ ತಿನ್ನುವುದು ಬಾಗಿಲ ಬಳಿ ಕೂತ ಹುಡುಗಿ. ಅವಳ ಮೇಲೆ ರೇಗುವ ಮೊದಲು ಇದು ನೆನಪಿರಲಿ.

ಮನೆಗೆ ಹೊರಡುವ ಮುಂಚೆ ಒಂದು ಕಾಗದ ಕೇಳಿ. ಅದರಲ್ಲಿ ನಿಮ್ಮ ಹೆಸರು, ತಾರೀಕು, ಹಲ್ಲಿನ ನಂಬರು, ಮಾತ್ರೆ ಇರಬೇಕು. ಅಕ್ಷರ ಇಂಗ್ಲಿಷ್ ಆಗಿದ್ದರೂ ಅಂಕಿ ಓದಲು ನಿಮಗೆ ಬರುತ್ತೆ.

ಈಗ ಒಂದು ಸಲ ಮಾಡಿ ನೋಡಿ. ಕನ್ನಡಿ ಬೇಡ. ಕನ್ನಡಿಯಲ್ಲಿ ಬಲ ಬಲಕ್ಕೇ ಕಾಣುತ್ತೆ, ಪರದೆಯ ಚಿತ್ರದಲ್ಲಿ ಹಾಗಲ್ಲ, ತಲೆ ತಿರುಗುತ್ತೆ. ಬಾಯಿ ಮುಚ್ಚಿ ನಾಲಿಗೆಯಿಂದಲೇ ಹುಡುಕಿ. 46 ಎಲ್ಲಿದೆ? ಕೆಳಗೆ, ಉಣ್ಣುವ ಕೈ ಕಡೆ, ಮುಂದಿನ ನಡುವಿನಿಂದ ಎಣಿಸಿದರೆ ಆರನೆಯದು. ಸಿಕ್ಕಿತಾ? ಈಗ 23 ಹುಡುಕಿ.