ನಿಮಗಿದು ಗೊತ್ತೆ? ತೂಕದ ಹಿಂದೊಂದು ಬಾಲ್ಯ

1980ರ ದಶಕ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಅವರ ಬೊಜ್ಜು ಚಿಕಿತ್ಸಾಲಯದಿಂದ ಚೆನ್ನಾಗಿ ತೂಕ ಇಳಿಸಿಕೊಂಡವರೇ ಅರ್ಧಕ್ಕೆ ಬಿಟ್ಟುಹೋಗುತ್ತಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಹಲವರು ಬಾಯಿಬಿಟ್ಟದ್ದು ಬಾಲ್ಯದ ಲೈಂಗಿಕ ದೌರ್ಜನ್ಯದ ಬಗ್ಗೆ. ಅವರಿಗೆ ತಿನ್ನುವುದು ಸಂಕಟ ಮರೆಸುವ ಮದ್ದು. ದಪ್ಪ ಮೈ, ಕೆಟ್ಟ ಕಣ್ಣುಗಳಿಂದ ಕಾಯುವ ಗುರಾಣಿ. ನಡುರಾತ್ರಿ ಅಡುಗೆಮನೆಯಲ್ಲಿ ಡಬ್ಬಿ ಖಾಲಿ ಮಾಡುವವರನ್ನು ನಾವು ಎಷ್ಟು ಸಲೀಸಾಗಿ ‘ಬಾಯಿಚಪಲ’ ಎಂದುಬಿಡುತ್ತೇವೆ!

ಈ ಸುಳಿವು ಹಿಡಿದು ಫೆಲಿಟ್ಟಿ, ಡಾ. ರಾಬರ್ಟ್ ಆಂಡಾ ಜೊತೆ ಸೇರಿ 17,000ಕ್ಕೂ ಹೆಚ್ಚು ಜನರ ಅಧ್ಯಯನ ನಡೆಸಿದರು. ಮೊದಲ ವರದಿ 1998ರಲ್ಲಿ ಬಂತು. ಬಾಲ್ಯದ ಏಟುಗಳು ಹೆಚ್ಚಿದಷ್ಟೂ ಮುಂದೆ ತೀವ್ರ ಬೊಜ್ಜು, ಖಿನ್ನತೆಯ ಸಾಧ್ಯತೆ ಹೆಚ್ಚಿತ್ತು. ನೊಂದ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ನಿಜ. ಆದರೂ ಆಹಾರದ ತೊಂದರೆಯೆಂದು ಬಂದವರ ಬಳಿ ಅನೇಕ ವೈದ್ಯರು ಇಂದು ಬಾಲ್ಯದ ಬಗೆಗೂ ಮೆಲ್ಲಗೆ ಕೇಳುತ್ತಾರೆ.