ಎಷ್ಟು ಇಂಟರ್‌ವ್ಯೂಗೆ ಹೂಂ ಅನ್ನಬೇಕು?

ನೋಡಿ ವೀಕ್ಷಕರೇ, ಇವತ್ತು ರಾಜಕಾರಣ ಬೇಡ. ನಿಮ್ಮ ಮನೇಲಿ ಕೊನೇ ವರ್ಷದ ಬಿ.ಕಾಂ, ಬಿಬಿಎ ಅಥವಾ ಎಂಬಿಎ ಓದ್ತಿರೋ ಮಗನೋ ಮಗಳೋ ಇದ್ದರೆ, ಐದು ನಿಮಿಷ ಈ ಮಾತು ಕೇಳಿ.

ಮಳವಳ್ಳಿ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ ಅಂತ ಅಂದುಕೊಳ್ಳಿ. ಮಂಡ್ಯದಲ್ಲಿ ಕಾಲೇಜು, ಹಣಕಾಸು ವಿಷಯ. ಪ್ಲೇಸ್‌ಮೆಂಟ್ ಶುರುವಾಗಿದೆ. ಒಂದೇ ತಿಂಗಳಲ್ಲಿ ಒಂಬತ್ತು ಕಡೆಯಿಂದ ಕರೆ. ಎರಡು ಖಾಸಗಿ ಬ್ಯಾಂಕು, ಒಂದು ವಿಮಾ ಕಂಪನಿ, ಮೂರು ಫೈನಾನ್ಸ್ ಕಂಪನಿ, ಒಂದು ಆಡಿಟ್ ಆಫೀಸು, ಬೆಂಗಳೂರಲ್ಲಿ ಕೂತು ವಿದೇಶಿ ಬ್ಯಾಂಕಿನ ಲೆಕ್ಕ ನೋಡುವ ಎರಡು ಕಂಪನಿ. ಇತ್ತ ಸೆಮಿಸ್ಟರ್ ಪರೀಕ್ಷೆ ತಲೆ ಮೇಲೆ ಕೂತಿದೆ. ಅಪ್ಪ ಏನಂತಾರೆ? "ಬಂದಿದ್ದೆಲ್ಲಾ ಒಪ್ಕೊ ಕಣವ್ವ, ಯಾವ್ದಾದ್ರೂ ಒಂದು ಆಯ್ತದೆ."

ಅಪ್ಪನ ಮಾತು ಎಲ್ಲಿಂದ ಬಂತು ಅಂತ ನಮಗೆ ಗೊತ್ತು. ನಮ್ಮದು ಬ್ಯಾಂಕುಗಳನ್ನು ಹೆತ್ತ ರಾಜ್ಯ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬಿ.ಕಾಂ ಮುಗಿಸಿದ ಹುಡುಗನಿಗೆ ಆಗ ದೊಡ್ಡ ಆಸೆ ಅಂದ್ರೆ ಬ್ಯಾಂಕ್ ಪರೀಕ್ಷೆ. ಬಾಗಿಲು ಕಡಿಮೆ, ನಿಂತವರು ಜಾಸ್ತಿ. ಕಂಡ ಬಾಗಿಲನ್ನೆಲ್ಲ ತಟ್ಟಲೇಬೇಕಿತ್ತು. ಈಗ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು, ಸಿಂಡಿಕೇಟ್ 2020ರಲ್ಲಿ ಕೆನರಾ ಸೇರಿತು. ಅತ್ತ ಖಾಸಗಿ ಕಂಪನಿಗಳೇ ಕಾಲೇಜಿಗೆ ಬರುತ್ತಿವೆ. ಕಾಲ ಬದಲಾಗಿದೆ, ಲೆಕ್ಕಾನೂ ಬದಲಾಗಬೇಕು.

ಹಾಗಾದ್ರೆ ಲೆಕ್ಕವನ್ನೇ ಹಾಕೋಣ. ಇದು ಬರೀ ಉದಾಹರಣೆ, ಯಾವುದೇ ಕಾಲೇಜಿನ ಅಂಕಿ ಅಲ್ಲ. ಸರಿಯಾಗಿ ತಯಾರಿ ಇಲ್ಲದೆ ಹೋದರೆ ಒಂದೊಂದು ಇಂಟರ್‌ವ್ಯೂನಲ್ಲಿ ಕೆಲಸ ಸಿಗುವ ಸಾಧ್ಯತೆ ಹತ್ತಕ್ಕೆ ಒಂದು ಅಂತಿಟ್ಟುಕೊಳ್ಳಿ. ಮೂರು ಇಂಟರ್‌ವ್ಯೂಗೆ ಹೋದರೆ ಕನಿಷ್ಠ ಒಂದು ಕೆಲಸ ಸಿಗುವ ಸಾಧ್ಯತೆ ನೂರಕ್ಕೆ 27. ಆರಕ್ಕೆ ಹೋದರೆ 47. ಒಂಬತ್ತಕ್ಕೂ ಹೋದರೆ 61. ಗಮನಿಸಿದ್ರಾ? ಮೊದಲ ಮೂರು ಕೊಟ್ಟಿದ್ದು 27, ನಂತರದ ಮೂರು ಕೊಟ್ಟಿದ್ದು 20, ಕೊನೆಯ ಮೂರು ಕೊಟ್ಟಿದ್ದು ಬರೀ 14. ಓಡಾಟ ಅಷ್ಟೇ, ಫಲ ಕಡಿಮೆ.

ಈಗ ಅದೇ ಹುಡುಗಿ ನಾಲ್ಕನ್ನೇ ಒಪ್ಪಿಕೊಂಡಳು ಅಂದುಕೊಳ್ಳಿ. ಕಂಪನಿ ಏನು ಮಾಡುತ್ತೆ ಅಂತ ಓದಿದಳು. ಬ್ಯಾಲೆನ್ಸ್ ಶೀಟ್, ಡೆಪ್ರಿಸಿಯೇಷನ್, ಜಿಎಸ್‌ಟಿ ಮತ್ತೆ ತಿರುವಿ ಹಾಕಿದಳು. ಕನ್ನಡಿ ಮುಂದೆ ನಿಂತು ಇಂಗ್ಲಿಷ್‌ನಲ್ಲಿ ತನ್ನ ಪರಿಚಯ ಹೇಳಿಕೊಂಡಳು. ಸಾಧ್ಯತೆ ನಾಲ್ಕಕ್ಕೆ ಒಂದಾಯಿತು. ಆಗ ನಾಲ್ಕೇ ಇಂಟರ್‌ವ್ಯೂನಲ್ಲಿ ನೂರಕ್ಕೆ 68! ಒಂಬತ್ತು ಕಡೆ ಓಡಿದ್ದಕ್ಕಿಂತ ಜಾಸ್ತಿ. ಪರೀಕ್ಷೆಗೆ ಓದೋಕೆ ಐದು ದಿನ ಉಳಿದಿದ್ದು ಬೇರೆ.

ಮಂಡ್ಯದವರಿಗೆ ಇದನ್ನ ಬಿಡಿಸಿ ಹೇಳಬೇಕಾ? ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತ ಯಾಕೆ ಬೀದಿಗಿಳಿಯುತ್ತಾನೆ? ಮೇಲಿನವರೆಲ್ಲ ಒಟ್ಟಿಗೆ ತೂಬು ತೆಗೆದರೆ ಕೊನೆಗೆ ನೀರು ಮುಟ್ಟಲ್ಲ. ವಿದ್ಯಾರ್ಥಿಯ ಸಮಯಾನೂ ಅಷ್ಟೇ. ಒಂಬತ್ತು ತೂಬು ತೆಗೆದರೆ ಒಂಬತ್ತನೇ ಇಂಟರ್‌ವ್ಯೂ ಹೊತ್ತಿಗೆ ಹುಡುಗಿ ಹತ್ರ ನಿದ್ದೆನೂ ಇಲ್ಲ, ಧೈರ್ಯಾನೂ ಇಲ್ಲ.

ದಾರಿ ಖರ್ಚು ಬೇರೆ. ಮಳವಳ್ಳಿಗೆ ರೈಲಿಲ್ಲ. ರೈಲು ಬೇಕಂದ್ರೆ ಬಸ್ಸಲ್ಲಿ ಮದ್ದೂರಿಗೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಉಚಿತ. ಒಳ್ಳೇದೇ. ಆದರೆ ಟಿಕೆಟ್ ಉಚಿತ, ದಿನ ಉಚಿತ ಅಲ್ಲ. ಬೆಂಗಳೂರಲ್ಲಿ ಒಂದು ಇಂಟರ್‌ವ್ಯೂ ಅಂದ್ರೆ ನಸುಕಲ್ಲಿ ಹೊರಟು ರಾತ್ರಿ ಮನೆ ಸೇರೋದು. ಹುಡುಗರಿಗಂತೂ ದಿನಾನೂ ಹೋಯ್ತು, ದುಡ್ಡೂ ಹೋಯ್ತು.

ಸರಿ, ಯಾವ ನಾಲ್ಕು? ಕರೆ ಬಂದ ತಕ್ಷಣ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇವರು ನಾಳೆನೇ ಕೆಲಸ ಕೊಟ್ಟರೆ ನಾನು ಹೋಗ್ತೀನಾ? ಇಲ್ಲ ಅನ್ನೋದಾದ್ರೆ ಇಂಟರ್‌ವ್ಯೂ ಯಾಕೆ? ಎರಡು, ಇದಕ್ಕೆ ಎರಡು ದಿನ ಕೂತು ತಯಾರಾಗೋಕೆ ಆಗುತ್ತಾ? ಮೂರು, ದಿನಬೆಳಗಾದರೆ ನಾನು ಮಾಡುವ ಕೆಲಸ ಏನು?

ಈ ಮೂರನೇ ಪ್ರಶ್ನೆ ಇದೆಯಲ್ಲ, ನಮ್ಮ ಜಿಲ್ಲೆಗೆ ಇದೇ ಮುಖ್ಯ. ಫೈನಾನ್ಸ್ ಅನ್ನೋ ಒಂದೇ ಬೋರ್ಡಿನ ಹಿಂದೆ ಹತ್ತು ಥರದ ಕೆಲಸ ಇರುತ್ತೆ. ಒಂದು ಕಡೆ ಕಂಪ್ಯೂಟರ್ ಮುಂದೆ ಲೆಕ್ಕ ತಾಳೆ ನೋಡೋದು. ಇನ್ನೊಂದು ಕಡೆ ಬಿಸಿಲಲ್ಲಿ ಪಾಲಿಸಿ ಮಾರೋದು. ಮತ್ತೊಂದು ಕಡೆ ಊರೂರು ಸುತ್ತಿ ಸಾಲದ ಕಂತು ವಸೂಲಿ ಮಾಡೋದು. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಹೆಣ್ಣುಮಕ್ಕಳು ಊರು ಬಿಟ್ಟ ಸುದ್ದಿಯನ್ನ ನಾವೇ ಓದಿದ್ದೀವಿ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ವಸೂಲಿ ಕೆಲಸವೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಾನೂನು ಪ್ರಕಾರ, ಮರ್ಯಾದೆಯಿಂದ ಮಾಡುವವರೂ ಇದ್ದಾರೆ. ಆದರೆ ನಮ್ಮ ಹುಡುಗ ತಿಂಗಳ ಟಾರ್ಗೆಟ್ ಹೊತ್ತುಕೊಂಡು ಪಕ್ಕದೂರಿನ ಅಕ್ಕನ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತೆ ಅನ್ನೋದು ಅವನಿಗೆ ಸೇರುವ ಮೊದಲೇ ಗೊತ್ತಿರಬೇಕು. ಆದ್ದರಿಂದ ಕೇಳಿ. ಕೆಲಸ ಆಫೀಸಲ್ಲೋ ಫೀಲ್ಡಲ್ಲೋ? ಹೇಳುವ ಸಂಬಳದಲ್ಲಿ ಕೈಗೆ ಬರೋದೆಷ್ಟು, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗೋದೆಷ್ಟು? ನೇಮಕ ಕಂಪನಿಯದ್ದೋ ಏಜೆನ್ಸಿಯದ್ದೋ? ಬಾಂಡ್ ಇದೆಯಾ? ಡೆಪಾಸಿಟ್ ಕಟ್ಟಿ ಅಂದ್ರೆ ಮುಗೀತು, ಅಲ್ಲಿಂದ ಎದ್ದು ಬನ್ನಿ. ಕೆಲಸ ಕೊಡುವವನು ದುಡ್ಡು ಕೇಳಲ್ಲ.

ಮೊದಲ ಒಂದೆರಡು ಇಂಟರ್‌ವ್ಯೂ ಅಭ್ಯಾಸಕ್ಕೆ ಬೇಕಲ್ವಾ ಸಾರ್ ಅಂತೀರಾ? ಖಂಡಿತ ಬೇಕು. ಕೈಕಾಲು ನಡುಗೋದು ಮೊದಲನೇದರಲ್ಲೇ ಮುಗೀಲಿ. ಆದರೆ ಅಭ್ಯಾಸಕ್ಕೂ ಸಿಕ್ಕರೆ ಸೇರಬಹುದಾದ ಕಂಪನಿಯನ್ನೇ ಆರಿಸಿ. ಬೇಡದ ಕಡೆ ಹೋಗಿ ಕೂತರೆ ನಿಮ್ಮ ಪಕ್ಕದ ಬೆಂಚಿನವನ ಅವಕಾಶ ಹೋಗುತ್ತೆ. ಅವನಿಗೆ ಅದೊಂದೇ ಕರೆ ಬಂದಿರಬಹುದು. ಒಪ್ಪಿಕೊಂಡು ಹೋಗದೇ ಇರೋದು ಇನ್ನೂ ತಪ್ಪು. ಮುಂದಿನ ವರ್ಷ ಆ ಕಂಪನಿ ಕಾಲೇಜಿನ ಕಡೆ ತಲೆ ಹಾಕದಿದ್ದರೆ ನಿಮ್ಮ ತಮ್ಮನೋ ತಂಗಿನೋ ಅನುಭವಿಸಬೇಕು.

ಎಷ್ಟೋ ಕಾಲೇಜಲ್ಲಿ ಒಬ್ಬರಿಗೆ ಒಂದೇ ಕೆಲಸ ಅನ್ನೋ ನಿಯಮ ಇದೆ. ಒಂದು ಸಿಕ್ಕರೆ ಮುಂದಿನದಕ್ಕೆ ಕೂರೋ ಹಾಗಿಲ್ಲ. ಹಾಗಿದ್ದಾಗ ಯಾವುದು ಮೊದಲು ಬರುತ್ತೆ ಅನ್ನೋದೂ ಮುಖ್ಯ. ಮನಸ್ಸಿಗೆ ಒಪ್ಪದ ಕಂಪನಿ ಸೋಮವಾರ, ಮನಸ್ಸಿನ ಕಂಪನಿ ಗುರುವಾರ ಬಂದರೆ ಏನು ಮಾಡ್ತೀರಿ? ನಿಯಮವನ್ನ ಪ್ಲೇಸ್‌ಮೆಂಟ್ ಅಧಿಕಾರಿ ಹತ್ರ ಮೊದಲೇ ಕೇಳಿ ತಿಳ್ಕೊಳ್ಳಿ. ಮನೇಲಿ ಸಾಲ ಇದೆ, ತಕ್ಷಣ ಸಂಬಳ ಬೇಕು ಅಂದ್ರೆ ಸೋಮವಾರದ್ದಕ್ಕೇ ಹೋಗಿ, ಅದರಲ್ಲಿ ಅವಮಾನ ಏನೂ ಇಲ್ಲ. ನಾಲ್ಕು ತಿಂಗಳು ತಡೆಯೋ ಶಕ್ತಿ ಇದ್ದರೆ ಗುರುವಾರದವರೆಗೆ ಕಾಯಿರಿ. ಈ ತೀರ್ಮಾನ ಮನೆಮಂದಿ ಕೂತು ಮಾತಾಡಿ ಆಗಬೇಕು.

ಬೇಡ ಅನ್ನೋದನ್ನೂ ಮರ್ಯಾದೆಯಿಂದ ಹೇಳಿ. "ಕರೆದಿದ್ದಕ್ಕೆ ಧನ್ಯವಾದ, ಪರೀಕ್ಷೆ ಇರೋದರಿಂದ ಈ ಸಲ ಬರೋಕಾಗ್ತಿಲ್ಲ" ಅಂತ ಎರಡು ಸಾಲು ಬರೆದು ಕಳಿಸಿ, ಸಾಕು.

ಕೊನೇ ಮಾತು ಅಪ್ಪ ಅಮ್ಮಂದಿರಿಗೆ. ಎಷ್ಟು ಇಂಟರ್‌ವ್ಯೂ ಆಯ್ತು ಅಂತ ದಿನಾ ಕೇಳಬೇಡಿ. ಇವತ್ತು ಹೋಗಿದ್ದ ಕಡೆ ಏನು ಕೇಳಿದರು, ನೀನೇನು ಹೇಳಿದೆ, ಅಲ್ಲಿ ಕೆಲಸ ಏನಂತೆ ಅಂತ ಕೇಳಿ. ರಾತ್ರಿ ಬಸ್ಸಿಳಿದು ಬಂದ ಮಗಳು ಊಟಕ್ಕೆ ಕೂತಾಗ ಕೇಳಿ. ಉತ್ತರ ಅವಳ ಬಾಯಲ್ಲೇ ಬರುತ್ತೆ.